ಮಕ್ತುಂ ಸಾಬರ ಮೀಸೆ

ಕೊಟ್ಟೂರು, ಜೂನ್ ೧೨, ಬುಧವಾರ

ಸ್ಕೂಟರ್ ರಿಪೇರಿಯ ಮಕ್ತುಂ ಸಾಬರ ಮಾತು ಇನ್ನೂ ಕೊರೆಯುತ್ತಿದೆ. ಈ ಸೀಮೆಗೆ ಮೊದಲು ಕಾರ್ಟೂನ್ ತಂದವನು ನಾನು. ಪತ್ರಿಕೆಯಲ್ಲಿ ಬರುವ ನನ್ನ ಕಾರ್ಟೂನಿನ 'ಮೀಸೆ ಮಾಮ'ನಿಗೆ ಅವರ ಮುಖವೇ ಮಾದರಿ.

"ಮೀಸಿ ಸಾಕಾಗೈತ್ರಿ. ತೆಗಿಯಪ್ಪ ಅಂದ್ರ ಕಟಿಂಗ್ ಶಾಪಿನವ ಬ್ಲೇಡ್ ಮುಟ್ಟವಲ್ಲ, ಅದು ಊರಿನ ಮೀಸಿ ಅಂತಾನ. ಮೊದಲು ನಿಮ್ಮ ಚಿತ್ರದಾಗ ತೆಗೀರಿ" ಅಂದರು.

ನನ್ನಿಂದ ಬಿಡುಗಡೆ ಕೇಳುತ್ತಾರೆ! ನನಗೇ ಎಲ್ಲಿದೆ? ಬೇರೇನು ಬರೆದು ಕಳಿಸಿದರೂ ಸಂಪಾದಕರು "ಮಾಮ ಎಲ್ಲಿ?" ಅನ್ನುತ್ತಾರೆ. ಹೊಸ ಮುಖ ಬರೆಯಹೋದರೆ ಕೈ ತಾನಾಗಿ ಹಳೆಯ ಗೆರೆಗೇ ತಿರುಗುತ್ತದೆ.

ಈಗ ಹಟಹಿಡಿದು ಮೀಸೆಯಿಲ್ಲದ ಮಾಮನನ್ನು ಬರೆದೆ. ಯಾರೋ ಮುದುಕ; ಪುಟ್ಟ ಬಾಯಿ, ದಣಿದ ತುಟಿ. ಇಷ್ಟು ವರ್ಷ ಮಕ್ತುಂ ಸಾಬರನ್ನು ನಾನು ನೋಡಿಯೇ ಇರಲಿಲ್ಲ.

ನಗು ಬರಲಿಲ್ಲ. ಬೆಳಿಗ್ಗೆ ಪತ್ರಿಕೆಗೆ ಕಳಿಸಬೇಕು. ಮತ್ತೆ ಮೀಸೆ ಬಳಿದೆ, ಈ ಸಲ ಇನ್ನೂ ದಪ್ಪಗೆ.