ಕೊಬ್ಬರಿ ಅಟ್ಟದ ಮೇಲೆ ಶನಿದರ್ಶನ

ಅರಸೀಕೆರೆ
೧೪-೧೧-೧೯೬೦, ಸೋಮವಾರ

ಚಿ. ಸೌ. ಚೆಲುವಾಂಬಳಿಗೆ ಭಾಷ್ಯಂ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಮಂಡಿನೋವು ಹೇಗಿದೆ? ಮಗಳ ಬಾಣಂತನ ಮಾಡುವ ಭರದಲ್ಲಿ ನೀನು ಊಟ ಮರೆಯಬೇಡ. ಮಗು ರಾತ್ರಿಯೆಲ್ಲ ಅಳುತ್ತದೆಂದು ಬರೆದಿದ್ದೀಯೆ. ಅದರ ತಾಯಿಯೂ ಹಾಗೇ ಅಳುತ್ತಿದ್ದಳು, ಎತ್ತಿಕೊಂಡು ಓಡಾಡುತ್ತಿದ್ದವನು ನಾನು ಎಂಬುದನ್ನು ಮೈಸೂರಿನ ಅಳಿಯಂದಿರಿಗೆ ಒಮ್ಮೆ ತಿಳಿಸು. ಮನೆ ನೋಡಿಕೊಳ್ಳಲು ಬಂದ ನಿನ್ನ ಅಮ್ಮ ಅಡುಗೆಮನೆಯ ಜೊತೆಗೆ ನನ್ನನ್ನೂ ಹದ್ದುಬಸ್ತಿನಲ್ಲಿ ಇಟ್ಟಿದ್ದಾರೆ. ಕಾಫಿ ದಿನಕ್ಕೆ ಒಂದೇ ಲೋಟ.

ಬೇಲೂರಿನವರು ಮತ್ತೆ ಹೇಳಿಕಳಿಸಿದ್ದರು. ಸಂಪತ್ಕುಮಾರ್ ಮದುವೆಯಾದರೆ ನಮ್ಮ ಕಿರಿಮಗಳು ಗೋದಾಳನ್ನೇ ಎಂದು ಕೂತಿದ್ದಾನಂತೆ. ಅವನ ತಾಯಿ ಮಾತ್ರ ಈ ಅಮಾವಾಸ್ಯೆಯೊಳಗೆ ಉತ್ತರ ಬರದಿದ್ದರೆ ಬೇರೆ ಹೆಣ್ಣು ನೋಡುತ್ತೇವೆ ಅಂದಿದ್ದಾರೆ. ನಿನ್ನ ಅಮ್ಮನದು ಎರಡು ವರ್ಷದಿಂದ ಒಂದೇ ಹಟ. ಗೋದಾಳದು ಮಕರ ರಾಶಿ, ಏಳೂವರೆ ವರ್ಷದ ಶನಿ ಹಿಡಿದಿದ್ದಾನೆ, ಅವನು ಬಿಡುವವರೆಗೆ ತಾಂಬೂಲದ ಮಾತೆತ್ತಕೂಡದು. ಹೋಗಲಿ, ಎಳ್ಳೆಣ್ಣೆ ದೀಪ ಹಚ್ಚಿ ಶಾಂತಿ ಮಾಡಿಸೋಣ ಎಂದರೆ, ನಾಮ ಹಾಕುವ ನಮ್ಮವರಲ್ಲಿ ನವಗ್ರಹ ಸುತ್ತುವ ಪದ್ಧತಿ ಇಲ್ಲ ಎನ್ನುತ್ತಾರೆ. ಅಂದರೆ ಶನಿಗೆ ಕೈಮುಗಿಯುವ ಹಾಗಿಲ್ಲ, ಹೆದರುವುದನ್ನು ಬಿಡುವ ಹಾಗೂ ಇಲ್ಲ. ನೀನಂತೂ ಅಮ್ಮ ಒಪ್ಪಲಿ ಎಂದು ಕೈತೊಳೆದುಕೊಂಡೆ. ಗೋದಾ ಬಾಯಿ ಬಿಡುವುದಿಲ್ಲ, ಆದರೆ ಅವಳು ಪಾತ್ರೆ ತೊಳೆಯುವ ಸದ್ದು ಬೀದಿಗೆ ಕೇಳುತ್ತದೆ. ಅವಳ ಮುಖ ನೋಡಿದರೆ ನನಗೆ ಸಂಕಟವಾಗುತ್ತದೆ.

ಕೊಬ್ಬರಿ ಮಂಡಿಯ ಚನ್ನಬಸವಯ್ಯನವರು, ಊರು ಬಿಟ್ಟು ಹೊರಟ ಸಕಲೇಶಪುರದ ಕಾಫಿತೋಟದ ಬಿಳಿ ದೊರೆಯೊಬ್ಬನಿಂದ ದೂರದರ್ಶಕ ಕೊಂಡದ್ದು ನಿನಗೆ ಗೊತ್ತು. ಅದನ್ನೀಗ ಮಂಡಿಯ ಅಟ್ಟದ ಮೇಲೆ ನಿಲ್ಲಿಸಿ, ಹಗ್ಗ ಎಳೆದರೆ ಸೂರಿನ ತಗಡು ಪಕ್ಕಕ್ಕೆ ಸರಿಯುವ ಹಾಗೆ ಮಾಡಿ, ಕೆಳಗೆ 'ನಕ್ಷತ್ರ ಮಂದಿರ, ಸರ್ವರಿಗೂ ಸ್ವಾಗತ' ಎಂದು ಬೋರ್ಡು ಹಾಕಿಸಿದ್ದಾರೆ. ಜನ ಚಪ್ಪಲಿ ಬಿಟ್ಟು, ಬಾಳೆಹಣ್ಣು ಹಿಡಿದು ಏಣಿ ಹತ್ತುತ್ತಾರೆ. ಯಾರೋ ಕೊಳವೆಗೆ ಕುಂಕುಮವನ್ನೂ ಇಟ್ಟಿದ್ದಾರೆ. ಮೊನ್ನೆ ಶನಿವಾರ ಸಂಜೆ ಅಲ್ಲಿ ಶನಿಯನ್ನೇ ತೋರಿಸುತ್ತಾರೆಂದು ತಿಳಿದು, ಅತ್ತೆಯವರು ಬೇಡವೆನ್ನುತ್ತಾರೆಂದೇ ನಂಬಿ, ನೀವೂ ಬನ್ನಿ ಎಂದೆ. ಅವರು ಆಗಲೇ ಮಡಿಸೀರೆ ಬಿಚ್ಚಿಟ್ಟು ಬೇರೆ ಸೀರೆ ಉಟ್ಟು ನಿಂತಿದ್ದರು.

ಸರದಿಯಲ್ಲಿ ಚನ್ನಬಸವಯ್ಯನವರ ಹೆಂಡತಿ ಗುರುಸಿದ್ದಮ್ಮನ ಜೊತೆ ಅತ್ತೆಯವರು ಏನೋ ಪಿಸುಗುಟ್ಟುತ್ತಿದ್ದರು. ಆಮೇಲೆ ನಾನು ಹಿಂದಿನಿಂದ, ಗೋದಾ ಮುಂದಿನಿಂದ ಹಿಡಿದು ಅಟ್ಟಕ್ಕೆ ಹತ್ತಿಸಿದೆವು. ಶನಿಗೆ ಎದುರಾಗಿ ನಿಲ್ಲಬಾರದೆಂದು ಅವರು ಓರೆಯಾಗಿ ನಿಂತು, ಒಂದು ಕಣ್ಣು ಮುಚ್ಚಿ, ಕೊಳವೆಗೆ ಕಣ್ಣಿಟ್ಟರು. "ಬಳೆ ತೊಟ್ಟ ಹಾಗಿದ್ದಾನೆ, ಲಕ್ಷಣವಾಗಿದ್ದಾನೆ" ಎಂದರು. ಹಿಂದೆ ನಿಂತ ಕಣಕಟ್ಟೆಯ ನಂಜಪ್ಪ "ಅಜ್ಜಮ್ಮಾರೆ, ನಮಗೂ ಒಸಿ ಬಿಡಿ" ಎಂದರೂ ಕದಲಲಿಲ್ಲ. ಇದ್ದಕ್ಕಿದ್ದ ಹಾಗೆ "ಹೊರಟ, ಗೋದಾ, ಹೊರಟ. ನನ್ನ ಕಣ್ಣೆದುರಿಗೇ ಜಾಗ ಬಿಟ್ಟು ಹೋದ. ಶನಿ ಬಿಟ್ಟ ಕಣೇ" ಎಂದರು.

ಆಕಾಶ ಸರಿಯುತ್ತಿರುತ್ತದೆ, ಕೊಳವೆ ಇದ್ದಲ್ಲೇ ಇರುತ್ತದೆ, ಅಷ್ಟೇ ಸಂಗತಿ. ಚನ್ನಬಸವಯ್ಯನವರು "ಎಲ್ಲೂ ಹೋಗಿಲ್ಲ ತಾಯಿ, ಒಸಿ ತಿರುಗಿಸಿದ್ರೆ ಮತ್ತೆ ಬತ್ತಾನೆ" ಎಂದು ಕೈ ಚಾಚಿದರು. ಅತ್ತೆಯವರು ಆ ಕೈ ಹಿಡಿದುಕೊಂಡು "ಹೋದವನನ್ನ ಮತ್ತೆ ಯಾಕೆ ಕರೀತೀರಿ? ನಮ್ಮ ಹುಡುಗಿ ಕೆಳಗಿಳಿಯೋವರೆಗೆ ಮುಟ್ಟಕೂಡದು" ಎಂದರು. ಚನ್ನಬಸವಯ್ಯನವರು ವಿವರಿಸಲು ಬಾಯಿ ತೆರೆದಾಗ ನಾನು ಅವರ ಕಾಲು ತುಳಿದೆ. ಪಾಪ, ಬರಿಗಾಲು. ಸರದಿಯವರೆಲ್ಲ ಗೊಣಗುತ್ತ ಬರೀ ಕತ್ತಲೆ ನೋಡುತ್ತ ಕಾದರು. ಮನೆಗೆ ಬಂದವರೇ ಅತ್ತೆಯವರು ಬೇಲೂರಿಗೆ ಕಾಗದ ಬರೆಯಲು ಹೇಳಿದರು, ನನಗೆ ಎರಡನೇ ಲೋಟ ಕಾಫಿಯನ್ನೂ ಕೊಟ್ಟರು. ಅವರ ಕಣ್ಣಿಗೆ ಮಣ್ಣೆರಚಿದೆನಲ್ಲ ಎಂದು ಒಂದು ಕಡೆ ಅಳುಕು, ಇನ್ನೊಂದು ಕಡೆ ಹೇಳಲಾರದಷ್ಟು ಸಂತೋಷ.

ಅಮಾವಾಸ್ಯೆ ಕಳೆದ ಮೇಲಿನ ಗುರುವಾರ ತಾಂಬೂಲ. ಬಾಣಂತಿಯನ್ನು ಬೀಗಿತ್ತಿಯವರಿಗೆ ಒಪ್ಪಿಸಿ ನಾಲ್ಕು ದಿನದ ಮಟ್ಟಿಗಾದರೂ ಬಾ. ಮಗುವಿಗೆ ತಾತನ ಮುತ್ತು, ಉಳಿದವರಿಗೆ ಯಥೋಚಿತ.

ಇತಿ ನಿನ್ನ
ಭಾಷ್ಯಂ

ವಿ. ಸೂ. ಕಾಗದ ಮಡಿಸುವಾಗ ಗೋದಾ ನಗುತ್ತ ಬಂದು ಒಂದು ಮಾತು ಹೇಳಿದಳು. ಸರದಿಯಲ್ಲಿ ಗುರುಸಿದ್ದಮ್ಮ "ಸುಮ್ಕೆ ನೋಡ್ತಾ ನಿಂತ್ರೆ ಅವನಾಗವನೇ ಹೊಂಟೋಯ್ತಾನೆ ಕಣ್ರಮ್ಮ, ನಮ್ಮೆಜಮಾನ್ರು ಮತ್ತೆ ತಿರುಗಿಸಿ ಹಿಡೀತಾರೆ" ಎಂದಿದ್ದರಂತೆ. ನಿನ್ನ ಅಮ್ಮ ಎಷ್ಟು ಹೊತ್ತು ನಿಲ್ಲಬೇಕೆಂದು ಕೇಳಿ ತಿಳಿದುಕೊಂಡೇ ಏಣಿ ಹತ್ತಿದ್ದಂತೆ. ನಮಗೆ ಗೊತ್ತಾಗಿದೆ ಎಂಬುದು ಅವರಿಗೆ ಗೊತ್ತಾಗುವುದು ಬೇಡ. ನೀನು ಬಂದ ಕೂಡಲೇ ಶನಿ ಹೇಗೆ ಬಿಟ್ಟನಮ್ಮಾ ಎಂದು ಕೇಳು, ಅವರು ಹೇಳುವಷ್ಟು ಹೊತ್ತೂ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಿರು.