ಎರಡನೇ ಸಲದ ಹೊಳೆ

ತಿಪ್ಪಸಂದ್ರ
12 ನವೆಂಬರ್ 2024, ಮಂಗಳವಾರ

ಸ್ವಾಮಿಯವರಿಗೆ ನಮಸ್ಕಾರ.

ಬೆನ್ನುನೋವು ಹೇಗಿದೆ? ಕನಕಪುರದಲ್ಲೂ ಚಳಿ ಶುರುವಾಗಿರಬೇಕು. ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ಈ ವಿಚಾರಣೆಯನ್ನು ಬೇರೇನೋ ಎಂದು ತಿಳಿಯಬೇಡಿ, ಅಭ್ಯಾಸ.

ಎಂ.ಎ. ಓದುವಾಗ ಗ್ರೀಕ್ ದೇಶದ ಹಳೆಯ ಜ್ಞಾನಿಯೊಬ್ಬನ ಮಾತು ಕೇಳಿದ್ದೆ: ಒಂದೇ ಹೊಳೆಗೆ ಎರಡು ಸಲ ಇಳಿಯಲಾಗದು. ಮುಂದಿನದು ಮರೆತಿದೆ. ನೀರು ಹರಿದುಹೋಗಿರುತ್ತದೆ ಎಂದನೋ, ಇಳಿಯುವವನೇ ಬೇರೆಯಾಗಿರುತ್ತಾನೆ ಎಂದನೋ? ನಾನು ಫೋನ್ ಎತ್ತದ್ದರಿಂದ ನೀವು ಬರೆದ ಪತ್ರ ಓದಿದಾಗಿನಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ. ‘ನಾನು ಅದೇ ಸ್ವಾಮಿ, ನೀನು ಅದೇ ರಾಧಾಮಣಿ, ಮುಂದಿನ ವಾರ ಮನೆಗೆ ಬರುತ್ತೇನೆ’ ಎಂದಿದ್ದೀರಿ. ಮದುವೆಯಾದ ಹೊಸತರಲ್ಲಿ ನಾವು ಕಾಲು ಇಳಿಬಿಟ್ಟು ಕೂತಿದ್ದ ಅರ್ಕಾವತಿಯನ್ನು ಮೊನ್ನೆ ರಾಮನಗರಕ್ಕೆ ರೇಷ್ಮೆಗೂಡು ಮಾರಲು ಹೋದಾಗ ನೋಡಿದೆ. ಹೆಸರೊಂದೇ ಅದೇ ಇದೆ. ಪುಟ್ಟಿಗೆ ನಾಲ್ಕು ವರ್ಷವಿದ್ದಾಗ ಹೇಳದೆ ಕೇಳದೆ ಹೋದಿರಿ. ಅವಳೀಗ ಪಿಯುಸಿ. ನೀವು ಎತ್ತಿಕೊಂಡ ಆ ಮಗು ಎಲ್ಲಿದೆ ಎಂದು ಕೇಳಿದರೆ ನಾನೇನು ತೋರಿಸಲಿ?

ಪತ್ರವನ್ನು ಅವಳೂ ಓದಿದಳು. ಅಂದಿನಿಂದ ನನ್ನೊಡನೆ ಮಾತು ಕಡಿಮೆ. ಊಟಕ್ಕೆ ಕೂತಾಗ ಈ ಹೊಳೆಯ ಮಾತನ್ನು ಅವಳಿಗೂ ಹೇಳಿದೆ. ತಟ್ಟೆಯಿಂದ ತಲೆ ಎತ್ತದೆ, ‘ನೀನು ಎರಡ್ನೇ ಸಲ ಇಳೀತಿದ್ದೀಯ ಕಣಮ್ಮ. ನಂಗಿದು ಮೊದಲ್ನೇ ಸಲ’ ಅಂದಳು. ಅವಳು ಆಸೆಪಟ್ಟು ಕಾಯುವುದು, ನೀವು ಒಂದು ತಿಂಗಳಿದ್ದು ಮತ್ತೆ ಎದ್ದುಹೋಗುವುದು, ನನಗೆ ಹೆದರಿಕೆ ಇಷ್ಟೇ.

ನಡುಮನೆಯೇ ಈಗ ರೇಷ್ಮೆಯ ಹುಳುಮನೆ. ಸೋಂಕು ಬರದಂತೆ ಯಾರೇ ಬಂದರೂ ಹೊಸ್ತಿಲ ಬಳಿಯ ಸುಣ್ಣದ ನೀರಿನಲ್ಲಿ ಕಾಲದ್ದಿಯೇ ಒಳಗೆ ಬರಬೇಕು. ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ. ತಲೆಯೆತ್ತಿ, ಅಲುಗದೆ, ಹಳೆಯ ಚರ್ಮ ಕಳಚಲು ಕಾಯುತ್ತಿವೆ. ನಿಮಗೆ ನೆನಪಿದೆಯೇ, ಒಂದು ಬೆಳೆಯಲ್ಲಿ ಅರ್ಧ ಹುಳು ಮಾತ್ರ ಚರ್ಮ ಕಳಚಿ ಜ್ವರದಿಂದ ಎದ್ದಿದ್ದವು, ಹಸಿದಿವೆ ಪಾಪ ಎಂದು ನೀವು ಸೊಪ್ಪು ಹಾಕಿಬಿಟ್ಟಿರಿ. ಎದ್ದವು ತಿಂದು ಬೆಳೆದವು. ಏಳದವು ಸೊಪ್ಪಿನಡಿ ಸಿಕ್ಕಿ ಬಡವಾದವು. ನಿಮ್ಮಮ್ಮ, ‘ಒಸಿ ತಡ್ಕಬಾರ್ದಾ? ಎಲ್ಲಾ ಏಳ್ಬೇಕು ಕಣ್ಲಾ’ ಎಂದು ದಿನವಿಡೀ ಬೈದರು. ಆ ಬೆಳೆ ಕೊನೆತನಕ ಸಮವಾಗಲೇ ಇಲ್ಲ.

ಈ ಮನೆಯಲ್ಲಿ ಪುಟ್ಟಿ ಎದ್ದಿದ್ದಾಳೆ. ನಾನಿನ್ನೂ ಎದ್ದಿಲ್ಲ. ಆದ್ದರಿಂದ ಈಗ ಬರಬೇಡಿ. ಎಂದೆಂದಿಗೂ ಬೇಡ ಎಂದು ಬರೆಯಲು ಕೂತಿದ್ದೆ, ಕೈ ಬರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಆರೋಗ್ಯ ನೋಡಿಕೊಳ್ಳಿ.

ಇಂತಿ,
ರಾಧಾಮಣಿ

ತಾ.ಕ. ಲಕೋಟೆ ಹುಡುಕುತ್ತಿದ್ದೆ. ಗೋಡೆಯ ಮಾಡದಲ್ಲಿ ಪುಟ್ಟಿಯ ಫೋನ್ ಕಂಡಿತು, ಬಿಟ್ಟೇ ಹೋಗಿದ್ದಾಳೆ. ಅಷ್ಟರಲ್ಲಿ ಪಕ್ಕದ ಮನೆಯ ಶಿವಲಿಂಗಮ್ಮ ಮಾಗಡಿಯಿಂದ ಬಂದವರು ಹೊಸ್ತಿಲಾಚೆಯೇ ನಿಂತು ಕೂಗಿದರು. ಇನ್ನು ಈ ಪತ್ರ ಅಂಚೆಗೆ ಹಾಕಿ ಫಲವಿಲ್ಲ. ಅವರು ಹೇಳಿದ್ದನ್ನಷ್ಟೇ ಬರೆದಿಡುತ್ತೇನೆ: ‘ರಾಧಕ್ಕ, ನಿನ್ ಮಗ್ಳು ಕಾಲೇಜ್ಗೆ ಹೋಗಿಲ್ಲ ಕಣೆ, ಮಾಗಡೀಲಿ ನನ್ ಮುಂದೇನೆ ರಾಮನಗರದ ಬಸ್ ಹತ್ಬುಟ್ಲು. ಅಲ್ಲಿಂದ ಕನಕಪುರಕ್ಕೆ ಹೋಯ್ತಳಂತೆ. ಅಪ್ಪನ್ನ ಕರ್ಕಂಡ್ ಬತ್ತೀನಿ, ಬಾಗ್ಲಲ್ಲಿ ಇಬ್ರು ಕಾಲಿಗಾಗೋವಷ್ಟು ನೀರಿಟ್ಟಿರು ಅಂತ ಅಮ್ಮಂಗೆ ಯೋಳು ಅಂದ್ಲು. ಈ ಸುಣ್ಣದ್ ತೊಟ್ಟೀಲಿರೋದು ನಿನ್ನೆ ನೀರು. ಚೆಲ್ಲಿ ನೀನೇ ಹೊಸ್ದು ಕಲುಸ್ತೀಯೋ, ನಾನ್ ಕಲುಸ್ಲೋ?’