ನಮ್ಮ ಮನೆಯ ಜಗಳಕ್ಕೆ ಶೇಕಡಾ ಮೂವತ್ತೈದು

ಸತ್ತವರ ಆಸ್ತಿಗೆ ತೆರಿಗೆ ನಿಗದಿಪಡಿಸುವ ಮಾನ್ಯ ಪರಿಶೀಲನಾಧಿಕಾರಿಗಳೇ,

“ಈ ಕುಟುಂಬದಲ್ಲಿ ಅನ್ಯೋನ್ಯತೆ ಎದ್ದು ಕಾಣುತ್ತದೆ, ಆದ್ದರಿಂದ ರಿಯಾಯಿತಿ ಸಲ್ಲದು” ಎಂದು ತಾವು ವರದಿ ಬರೆದಿದ್ದೀರಿ. ಮೂರು ತಲೆಮಾರಿನಲ್ಲಿ ನಮ್ಮ ಮನೆತನದ ಮೇಲೆ ಇಂಥ ಆರೋಪ ಬಂದಿರಲಿಲ್ಲ.

ನಮ್ಮಪ್ಪ ಎಮಿಲ್ ಸೆಡ್ಲಾಚೆಕ್ ಬದುಕಿದ್ದಾಗಲೇ ನೆಬ್ರಾಸ್ಕಾದ ಮರಳುಗುಡ್ಡಗಳ ನಡುವಿನ ನಮ್ಮ ದನದ ಜಮೀನನ್ನು ಕುಟುಂಬದ ಪಾಲುದಾರಿಕೆಗೆ ಸೇರಿಸಿದರು. ನೂರರಲ್ಲಿ ನಲವತ್ತು ಪಾಲು ಅಪ್ಪನಿಗೇ. ನನಗೆ, ತಮ್ಮ ಓರಿನ್‌ಗೆ, ತಂಗಿ ಲೀಟಾಗೆ ಇಪ್ಪತ್ತಿಪ್ಪತ್ತು. ಎಲ್ಲರೂ ಒಪ್ಪದೆ ಒಂದು ಬೇಲಿಗೂಟವನ್ನೂ ಮಾರುವಂತಿಲ್ಲ ಎಂಬುದು ಕರಾರು. ಅಪ್ಪ ತೀರಿಕೊಂಡರು, ಅವರ ಪಾಲಿಗೆ ತೆರಿಗೆ ಬಂತು. ಕೈಕಾಲು ಕಟ್ಟಿಹಾಕಿದ ಇಂಥ ಪಾಲನ್ನು ಹೊರಗಿನವನು ಪೂರ್ತಿ ಬೆಲೆಗೆ ಕೊಳ್ಳುವುದುಂಟೇ? ಅದಕ್ಕೇ ಅದರ ಬೆಲೆಯಲ್ಲಿ ಶೇಕಡಾ ಮೂವತ್ತೈದು ಕಳೆಯಿರಿ ಎಂದು ಕೇಳಿದೆವು. ತಾವು ಒಪ್ಪದಿದ್ದರೆ ತೆರಿಗೆ ಕಟ್ಟಲು ಹೊಳೆಬದಿಯ ಹುಲ್ಲುಗಾವಲನ್ನು ಮಾರಬೇಕು. ಅದು ಹೋದರೆ ಚಳಿಗಾಲಕ್ಕೆ ದನಗಳಿಗೆ ಮೇವಿಲ್ಲ. ದನವಿಲ್ಲದ ಮೇಲೆ ಉಳಿದ ಮರಳನ್ನು ನಾವೇನು ಹುರಿದು ತಿನ್ನೋಣವೇ?

ತಪ್ಪು ನಮ್ಮದೇ. ತಾವು ಜಮೀನು ನೋಡಲು ಬಂದಿರಿ. ಅತಿಥಿಯೆದುರು ಜಗಳವಾಡುವುದು ನಮ್ಮ ಕಡೆ ದನಗಳ್ಳತನಕ್ಕಿಂತ ದೊಡ್ಡ ಅಪರಾಧ. ನಾನು ಗಸಗಸೆ ಹೂರಣದ ಕೊಲಾಚಿ ಬನ್ನು ಬೇಯಿಸಿದೆ. ಲೀಟಾ ನಗುತ್ತಾ ತಟ್ಟೆಯನ್ನು ಓರಿನ್‌ಗೆ ದಾಟಿಸಿದಳು, ಅವನೂ ನಗುತ್ತಾ ತೆಗೆದುಕೊಂಡ. ತಾವು ಐದು ತಿಂದು, ಇವರೆಲ್ಲ ಒಟ್ಟಿಗೆ ಒಪ್ಪಿ ಮಾರಬಲ್ಲರು ಎಂಬುದಕ್ಕೆ ಅದನ್ನೇ ಸಾಕ್ಷಿ ಮಾಡಿಕೊಂಡಿರಿ. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ; ತಾವು ಎಣಿಸಿದ್ದಲ್ಲದೆ ಪೂರ್ತಿ ಬೆಲೆಯನ್ನೂ ಕಟ್ಟಿದಿರಿ. ಲೀಟಾಳ ಹೋರಿಯನ್ನು ಓರಿನ್ ಅವಳಿಗೆ ಹೇಳದೆ ಮಾರಿದ ದಿನದಿಂದ ಏಳು ವರ್ಷ ಅವರಿಬ್ಬರಿಗೂ ಮಾತಿಲ್ಲ ಎಂಬುದು ತಮಗೆ ಹೇಗೆ ಗೊತ್ತಾಗಬೇಕು? ಪಕ್ಕದಲ್ಲೇ ಕೂತಿದ್ದರೂ ಉಪ್ಪಿನ ಡಬ್ಬಿ ನನ್ನ ಮೂಲಕವೇ ಓಡಾಡಬೇಕು. ನನಗೆ ಅರವತ್ತೆರಡು ವರ್ಷ, ಸಾಕಾಗಿಹೋಗಿದೆ.

ಅಷ್ಟಕ್ಕೂ ನಾವು ಮುದ್ದಾಡುತ್ತೇವೋ ಗುದ್ದಾಡುತ್ತೇವೋ ಎಂಬುದು ತಮಗೇಕೆ? ಅಪ್ಪ ಸತ್ತ ದಿನ ಆ ಪಾಲಿಗೆ ಅಪರಿಚಿತನೊಬ್ಬ ಎಷ್ಟು ಕೊಡುತ್ತಿದ್ದ ಎಂಬುದಷ್ಟೇ ಪ್ರಶ್ನೆ ಎಂದು ನಮ್ಮ ವಕೀಲರು ಹೇಳುತ್ತಾರೆ. ಅನ್ಯೋನ್ಯತೆಯನ್ನೇ ತೂಗುತ್ತೀರಾದರೆ, ಅಪ್ಪನ ಮಣ್ಣಿನ ದಿನ ಓರಿನ್ ಚರ್ಚಿನ ಮುಂದಿನ ಬೆಂಚಿನಲ್ಲಿದ್ದ, ಲೀಟಾ ಕಟ್ಟಕಡೆಯದರಲ್ಲಿ. ಪಾದ್ರಿಗಳನ್ನು ಕೇಳಿ ನೋಡಿ.

ಈಗ ಮುಚ್ಚಿಡಬಾರದ ಒಂದು ಸಂಗತಿ. ತಮ್ಮ ವರದಿಯ ವಿರುದ್ಧದ ಮೇಲ್ಮನವಿಗೆ ಮೂವರ ಸಹಿ ಬೇಕಿತ್ತು. ಕಳೆದ ಭಾನುವಾರ ಇಬ್ಬರನ್ನೂ ನನ್ನ ಅಡುಗೆಮನೆಯಲ್ಲಿ ಕೂರಿಸಿದೆ. ಓರಿನ್ ಕಾಗದವನ್ನು ಎರಡು ಸಲ ಓದಿದ. ಎಂದಿನಂತೆ ನನ್ನ ಕಡೆ ತಿರುಗುತ್ತಾನೆ ಅಂದುಕೊಂಡೆ. ಅವನು ಲೀಟಾಳನ್ನೇ ನೋಡಿದ.

“ಆ ಹುಲ್ಲುಗಾವಲು ಹೋದ್ರೆ ನಿನ್ ದನಾನೂ ಉಪವಾಸ ಬೀಳ್ತವೆ ಕಣೇ,” ಅಂದ.

“ಇಷ್ಟು ಹೇಳೋಕೆ ಏಳು ವರ್ಷ ಬೇಕಾಯ್ತೇನೋ ನಿಂಗೆ?” ಅಂದಳು ಅವಳು. “ಎಲ್ಲಿ ಸಹಿ ಹಾಕ್ಬೇಕು, ತೋರ್ಸು.”

ನಾನು ಒಲೆಯ ಕಡೆ ತಿರುಗಿ ನಿಂತು ಅತ್ತೆ. ಸಂತೋಷಕ್ಕೇ ಅತ್ತದ್ದು, ಸುಳ್ಳು ಹೇಳುವುದಿಲ್ಲ. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ತಾವು ಬರೆದ “ಅನ್ಯೋನ್ಯತೆ” ನೆನಪಾಗಿ, ಕಿಟಕಿಯ ಪರದೆ ಎಳೆದೆ.

ಆದ್ದರಿಂದ ನನ್ನ ಬೇಡಿಕೆ ಒಂದೇ: ಮೂವತ್ತೈದನ್ನು ಈ ತಿಂಗಳೊಳಗೆ ಮಂಜೂರು ಮಾಡಿ. ನಿನ್ನೆ ಓರಿನ್ ಲೀಟಾಳ ಬೇಲಿ ರಿಪೇರಿಗೆ ಹೋಗಿದ್ದ. ಇನ್ನು ಹೆಚ್ಚು ದಿನ ಇವರನ್ನು ಒಂದಾಗದಂತೆ ತಡೆದಿಡುವುದು ನನ್ನಿಂದಾಗದು.

ಇಂತಿ, ಯಾರೂ ಕೊಳ್ಳಲಾರದ ಇಪ್ಪತ್ತು ಪಾಲಿನ ಒಡತಿ,
ವರ್ನಾ ಸೆಡ್ಲಾಚೆಕ್